ನಡುಗಡ್ಡೆಯ ಲೆಕ್ಕ: ಒಬ್ಬ ಶಿಷ್ಯನಿಗೆ ಉತ್ತರ



ಈ ಸಲ ಹಳೆಯ ನೆನಪುಗಳ ಗಂಟನ್ನು ಬಿಚ್ಚುವುದಕ್ಕಿಂತ ಮೊದಲು ಒಂದು ಜಗಳವನ್ನು ತೀರಿಸಬೇಕಾಗಿದೆ. ಜಗಳ ನನ್ನ ಶಿಷ್ಯನೊಬ್ಬನೊಂದಿಗೆ. ಆತ ಬೆಂಗಳೂರಿನಲ್ಲಿ ಎಂಜಿನಿಯರ್. ಹೆಸರು ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ಅನೇಕರು ಗುರುತಿಸಿಯೇ ಗುರುತಿಸುತ್ತೀರಿ, ಅವನೂ ಓದುತ್ತಾನೆ. ಮೇಡ್ಲೇರಿಗೆ ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಅರ್ಧ ತಾಸಾದರೂ ಕೂಡದೆ ಹೋಗುವ ಹುಡುಗನಲ್ಲ. ಹೋದ ಮಳೆಗಾಲದಲ್ಲಿ ಹಾಗೆಯೇ ಬಂದು ಕೂತಿದ್ದಾಗ, ಒಳಗೆ ಟೀವಿಯಲ್ಲಿ ಕೃಷ್ಣಾ ನದಿಯ ಗಡ್ಡಿಗಳಿಗೆ ಸಂಪರ್ಕ ಕಡಿದುಹೋದ ಸುದ್ದಿ ಬರುತ್ತಿತ್ತು. ಪ್ರತಿವರ್ಷ ಬರುವ ಸುದ್ದಿಯೇ. ಅದನ್ನು ಕೇಳಿಸಿಕೊಂಡು ಆತ ಹೇಳಿದ:

“ಸರ್, ನೀವ ಲೆಕ್ಕಾ ಹಾಕ್ರಿ. ಒಂದು ಗಡ್ಡಿಯೊಳಗ ನೂರು ಮನಿ ಅದಾವ ಅಂತ ಇಟ್ಕೊಳ್ರಿ. ಅದಕ್ಕ ನೂರು ಕೋಟಿ ಸೇತುವೆ ಅಂದ್ರ ಮನಿಗೆ ಒಂದು ಕೋಟಿ ಆತು. ಅರ್ಧಾ ಕೋಟಿ ಕೈಯಾಗ ಕೊಟ್ಟು ದಂಡಿಗೆ ತಂದು ಇಟ್ರ ಸರ್ಕಾರಕ್ಕೂ ಉಳಿತಾಯ, ಅವರಿಗೂ ಸುಖ. ಯಾಕ ಅಲ್ಲೇ ಕುಂತು ಒದ್ದಾಡಬೇಕು?”

ಲೆಕ್ಕ ಸರಿಯಾಗಿದೆ. ಅವನಿಗೆ ಗಣಿತ ಕಲಿಸಿದ ನನ್ನ ಸಹೋದ್ಯೋಗಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಆದರೆ ಅವನಿಗೆ ಸಮಾಜ ವಿಜ್ಞಾನ ಕಲಿಸಿದವನು ನಾನು. ಆ ಮಾತನ್ನು ಕೇಳಿ ನನಗೆ ಸಿಟ್ಟು ಬಂದದ್ದಕ್ಕಿಂತ ಹೆಚ್ಚಾಗಿ ಅಪರಾಧಿ ಭಾವ ಉಂಟಾಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಕಪ್ಪುಹಲಗೆಯ ಮೇಲೆ ಬರೆಸಿದ್ದು ಏನು? “ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪ ಎನ್ನುವರು. ಉದಾಹರಣೆ: ಶ್ರೀಲಂಕಾ, ಅಂಡಮಾನ್.” ಎರಡು ಅಂಕದ ಪ್ರಶ್ನೆ. ನಮ್ಮ ರಾಜ್ಯದ ಒಳಗೇ, ಸಮುದ್ರದಿಂದ ಬಹುದೂರದಲ್ಲಿ, ಜನ ದ್ವೀಪವಾಸಿಗಳಾಗಿ ಬದುಕುತ್ತಿದ್ದಾರೆಂದು ನಾನು ಒಮ್ಮೆಯೂ ಉದಾಹರಣೆ ಕೊಡಲಿಲ್ಲ. ಕನ್ನಡಕ್ಕೆ ಇದಕ್ಕೆ ಶಬ್ದಗಳ ಬಡತನವೂ ಇಲ್ಲ: ರಾಯಚೂರು ಕಡೆ ಗಡ್ಡಿ, ಹಳೆಯ ಕನ್ನಡದಲ್ಲಿ ಕುರುವ, ಕರಾವಳಿಯಲ್ಲಿ ಕುದ್ರು. ಶಬ್ದವಿರುವಲ್ಲಿ ಜನವಸತಿಯೂ ಇರುತ್ತದೆ ಎಂಬಷ್ಟು ಸಾಮಾನ್ಯ ಜ್ಞಾನವನ್ನು ನಾನು ನಿಮಗೆ ಕೊಡಬೇಕಾಗಿತ್ತು. ತಡವಾಗಿಯಾದರೂ ಈಗ ಕೊಡುತ್ತಿದ್ದೇನೆ.

ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನಲ್ಲಿ ಕೃಷ್ಣೆ ಹಲವು ಕವಲುಗಳಾಗಿ ಒಡೆದು ಹರಿಯುತ್ತಾಳೆ. ಆ ಕವಲುಗಳ ನಡುವೆ ಕಡದರಗಡ್ಡಿ, ಕರಕಲಗಡ್ಡಿ, ವೆಂಕಮ್ಮನಗಡ್ಡಿ, ಯರಗೋಡಿ, ಜಲದುರ್ಗ ಮೊದಲಾದ ಊರುಗಳಿವೆ. ಯಾದಗಿರಿ ಜಿಲ್ಲೆಯಲ್ಲಿ ನೀಲಕಂಠರಾಯನಗಡ್ಡಿ. ಇನ್ನೂ ಕೆಳಗೆ, ತೆಲಂಗಾಣದ ಗಡಿಯಲ್ಲಿ, ಕುರ್ವಕುಲ ಮತ್ತು ಕುರ್ವಕುರ್ದ. ಇಲ್ಲಿಯವರು ಹೊಲವಿದ್ದವರು, ಕುರಿ ಮೇಕೆ ಇದ್ದವರು, ಮೀನು ಹಿಡಿಯುವವರು. ಮೆಕ್ಕಲು ಮಣ್ಣಿನ ಒಳ್ಳೆಯ ಭೂಮಿ ಅದು. ಅವರು ಯಾರೋ ಕೈಲಾಗದೆ ನೀರಿನ ನಡುವೆ ಹೋಗಿ ಬಿದ್ದವರಲ್ಲ. ಭೂಮಿ ಚೆನ್ನಾಗಿದ್ದುದರಿಂದ ಅಲ್ಲಿ ನೆಲೆಸಿದವರು.

1982ರಲ್ಲಿ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಅದಕ್ಕೆ ಮೊದಲು ಪ್ರವಾಹ ಬರುತ್ತಿರಲಿಲ್ಲವೆಂದು ನಾನು ವಾದಿಸುವುದಿಲ್ಲ, ಬರುತ್ತಿತ್ತು. ಆದರೆ ಹೊಳೆ ಏರುವುದಕ್ಕೆ ಆಗ ತನ್ನದೇ ಆದ ನಡಿಗೆಯಿತ್ತು. ನೀರಿನ ಬಣ್ಣವನ್ನು, ತೇಲಿಬರುವ ಕಸವನ್ನು ನೋಡಿ ಹಿರಿಯರು ದನ ಬಿಚ್ಚುತ್ತಿದ್ದರು. ಈಗ ಮಹಾರಾಷ್ಟ್ರದಲ್ಲಿ ಮಳೆಯಾದರೆ ಆಲಮಟ್ಟಿಯಲ್ಲಿ ನಿರ್ಣಯವಾಗುತ್ತದೆ, ನಾರಾಯಣಪುರದಲ್ಲಿ ಗೇಟು ಏಳುತ್ತದೆ, ಲಕ್ಷ ಲಕ್ಷ ಕ್ಯೂಸೆಕ್ ನೀರು ಹೊರಡುತ್ತದೆ, ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಗಡ್ಡಿಯವನಿಗೆ ಒಂದು ಎಚ್ಚರಿಕೆಯ ಸೂಚನೆ ತಲುಪುತ್ತದೆ. ನಿರ್ಣಯವಾಗುವ ಮೇಜಿನ ಸುತ್ತ ಅವನಿಗೆ ಕುರ್ಚಿಯಿಲ್ಲ. ಅಣೆಕಟ್ಟಿನ ನೀರು ಸಾವಿರಾರು ಎಕರೆಗೆ ಕಾಲುವೆಯಾಗಿ ಹರಿದು ಇತರರ ಭತ್ತವಾಗುತ್ತದೆ. ಅದೇ ಅಣೆಕಟ್ಟಿನ ಗೇಟು ಇವನ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ, ಮಗೂ, ನೀನು ಹಾಕಿದ ಲೆಕ್ಕದಲ್ಲಿ ಖರ್ಚಿನ ಕಲಮು ಮಾತ್ರ ಇದೆ. ಅವನಿಂದ ನಾವು ಪಡೆದದ್ದರ ಕಲಮು ಎಲ್ಲಿ?

ಕೃಷ್ಣೆಯ ನೀರು ನಮ್ಮ ರಾಣೆಬೆನ್ನೂರು ಸೀಮೆಗೆ ಬರುವುದಿಲ್ಲ, ನಮಗೇಕೆ ಆ ಋಣ ಎಂದು ನೀನು ಕೇಳಬಹುದು. ಹಾಗಾದರೆ ಶರಾವತಿಗೆ ಹೋಗೋಣ. ಅಲ್ಲಿಯ ಋಣ ಮೇಡ್ಲೇರಿಯ ಪ್ರತಿ ಮನೆಯ ಗೋಡೆಯ ಮೇಲೆ ಮೀಟರಾಗಿ ಕೂತಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ತಾಲೂಕುಗಳ ಕಣಿವೆಯ ಊರುಗಳು ಮುಳುಗಿದವು. 1948ರಲ್ಲಿ ಕಟ್ಟಿದ್ದ ಮಡೆನೂರಿನ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಇಂದಿಗೂ ಅದರ ಮೈ ಕಾಣುತ್ತದೆ. ಎಬ್ಬಿಸಿ ಕಳಿಸಿದ ಕುಟುಂಬಗಳಿಗೆ ಕಾಡಿನಲ್ಲಿ ಜಾಗ ತೋರಿಸಿದರು. ಅಲ್ಲಿಯ ಹಕ್ಕುಪತ್ರದ ತಕರಾರು ಆರು ದಶಕಗಳಾದರೂ ಮುಗಿದಿಲ್ಲ. ಮುಳುಗದೆ ಉಳಿದ ಎತ್ತರದ ಊರುಗಳು, ತುಮರಿ ಮತ್ತು ಅದರ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳು, ರಾತ್ರಿ ಬೆಳಗಾಗುವುದರೊಳಗೆ ಎಂಬಂತೆ ಹಿನ್ನೀರಿನ ಆಚೆ ಉಳಿದವು. ತಾಲೂಕು ಕೇಂದ್ರವಾದ ಸಾಗರಕ್ಕೆ ಬರಬೇಕಾದರೆ ಲಾಂಚು, ಇಲ್ಲವೆ ಕಾಡಿನ ಸುತ್ತುದಾರಿ. ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೊಟ್ಟೆನೋವು ಬಂದವನು ಬೆಳಗಿನವರೆಗೆ ಕಾಯಬೇಕು.

ಅವರು ದ್ವೀಪದಲ್ಲಿ ಹುಟ್ಟಿದವರಲ್ಲ. ಅವರನ್ನು ದ್ವೀಪವಾಸಿಗಳನ್ನಾಗಿ ಮಾಡಿದ್ದು ನಾವು, ಅಂದರೆ ಬೆಳಕು ಬೇಕಾಗಿದ್ದ ಉಳಿದ ಮೈಸೂರು ರಾಜ್ಯದವರು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್ ಎಂದು ನಾನು ನಿಮಗೆ ಬಾಯಿಪಾಠ ಮಾಡಿಸಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಇಂದಿಗೂ ನೆನಪಿರಬಹುದು. ಆ ವಿದ್ಯುತ್ತಿಗಾಗಿ ನೆಲ ಬಿಟ್ಟುಕೊಟ್ಟ ಹಳ್ಳಿಗಳು ಎಷ್ಟೋ ವರ್ಷ ಚಿಮಣಿ ಎಣ್ಣೆಯ ಬುಡ್ಡಿಯಲ್ಲೇ ಇದ್ದವೆಂಬುದನ್ನು ಬಾಯಿಪಾಠ ಮಾಡಿಸಲಿಲ್ಲ. ಅದು ಪಠ್ಯದಲ್ಲಿ ಇರಲಿಲ್ಲ, ನಾನು ಸೇರಿಸಲೂ ಇಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದುಕೊಂಡೇ ಇದನ್ನೆಲ್ಲ ಕಣ್ಣಾರೆ ಕಂಡ ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾಯಿತು. ಆರು ತಿಂಗಳು ಹೆಚ್ಚಿಗೆ ಬದುಕಿದ್ದರೆ ನೋಡುತ್ತಿದ್ದರು.

ಸೇತುವೆಯ ಉದ್ದ 2.44 ಕಿಲೋಮೀಟರು, ಖರ್ಚು 470 ಕೋಟಿಯ ಆಸುಪಾಸು. ನಾನು ಸಂತೋಷಪಟ್ಟವರಲ್ಲಿ ಒಬ್ಬ. ಆದರೆ ಒಂದು ಮಾತು ಗಮನಿಸಿರಿ. 1964ರಿಂದ 2025ರವರೆಗೆ ಅರವತ್ತೊಂದು ವರ್ಷ. ಬಸುರಿಯರು, ಶಾಲೆಯ ಮಕ್ಕಳು, ಅಡಿಕೆ ಬೆಳೆದವರು ಕಾದರು, ಮನವಿ ಕೊಟ್ಟರು, ಹೋರಾಟ ಮಾಡಿದರು. ಆಗೆಲ್ಲ ಸರ್ಕಾರಗಳ ಉತ್ತರ ನಿನ್ನ ಉತ್ತರವೇ ಆಗಿತ್ತು: ಇಷ್ಟು ಕಡಿಮೆ ಜನಕ್ಕೆ ಅಷ್ಟು ಹಣವೇ? ಸಿಗಂದೂರಿನ ದೇವಿಯ ಕೀರ್ತಿ ಹರಡಿ, ವರ್ಷಕ್ಕೆ ಲಕ್ಷಗಟ್ಟಲೆ ಭಕ್ತರು ಲಾಂಚಿಗೆ ಸಾಲುಗಟ್ಟಿದ ಮೇಲೆ ಲೆಕ್ಕ ಕೂಡಿಬಂತು. ದೇವಿಗೆ ಶರಣು; ಅಮ್ಮನ ಕೃಪೆಯಿಂದಲಾದರೂ ತುಮರಿಯವರಿಗೆ ದಾರಿಯಾಯಿತು. ಹಾಗಾದರೆ ಪ್ರಸಿದ್ಧ ದೇವಸ್ಥಾನವಿಲ್ಲದ ಗಡ್ಡಿಯ ಗತಿಯೇನು? ಕಡದರಗಡ್ಡಿಯವರು ಯಾವ ದೇವರನ್ನು ಕರೆತಂದು ಕೂಡಿಸಬೇಕು? ಅಲ್ಲಿ ವಾಸಿಸುವವನ ತಲೆ ಲೆಕ್ಕಕ್ಕೆ ಬಾರದೆ, ಒಂದು ದಿನಕ್ಕೆ ಬಂದುಹೋಗುವವನ ತಲೆ ಲೆಕ್ಕಕ್ಕೆ ಬರುವ ಅಭಿವೃದ್ಧಿ ನೀತಿಯನ್ನು ನಾನು ನೀತಿ ಎಂದು ಕರೆಯಲಾರೆ.

ಈಗ ನಿನ್ನ ಎರಡನೆಯ ಮಾತು: ಎಬ್ಬಿಸಿ ದಂಡಿಗೆ ತರುವುದು. ಪ್ರತಿ ಪ್ರವಾಹದಲ್ಲೂ ಅಧಿಕಾರಿಗಳು ದೋಣಿಯಲ್ಲಿ ಹೋಗಿ ಬನ್ನಿರೆನ್ನುತ್ತಾರೆ, ಜನ ಬರುವುದಿಲ್ಲ. ಟೀವಿಯವರು ಇದನ್ನು ಮೊಂಡುತನವೆಂದು ತೋರಿಸುತ್ತಾರೆ. 2020ರ ಆಗಸ್ಟ್‌ನಲ್ಲಿ ಛಾಯಾ ಭಗವತಿಯ ಹತ್ತಿರ ಕೃಷ್ಣೆಯ ನಡುವೆ ಸಿಕ್ಕಿಬಿದ್ದ ಕುರಿಗಾಹಿಯೊಬ್ಬ ತನ್ನ ಕುರಿಗಳನ್ನು ಬಿಟ್ಟು ಬರಲು ಒಪ್ಪದೆ ಕೂತದ್ದು ದೊಡ್ಡ ಸುದ್ದಿಯಾಯಿತು. ಬೆಂಗಳೂರಿನವರಿಗೆ ಅದು ವಿಚಿತ್ರವಾಗಿ ಕಂಡಿರಬಹುದು. ನೀನು ಮೇಡ್ಲೇರಿಯವನು, ಹಿಂಡನ್ನು ಬೆನ್ನಿಗಿಟ್ಟುಕೊಂಡು ತಿಂಗಳುಗಟ್ಟಲೆ ಊರೂರು ಅಲೆಯುವ ಮನೆತನಗಳ ನಡುವೆ ಬೆಳೆದವನು. ನಿನ್ನ ಅಜ್ಜ ಕುರಿ ಬಿಟ್ಟು ಬರುತ್ತಿದ್ದನೇ? ಕುರಿಯೇ ಅವನ ಬ್ಯಾಂಕು, ಕುರಿಯೇ ಮಗಳ ಮದುವೆ. ಗಡ್ಡಿಯವನಿಗೆ ಹೊಲವೂ ಹಾಗೆಯೇ. ದಂಡೆಯ ಮೇಲೆ ಒಂದು ತಗಡಿನ ಮನೆ ಕೊಟ್ಟು, ಹೊಲ ಮಾತ್ರ ನೀರಿನಾಚೆ ಇರಲಿ ಎಂದರೆ ಅದು ಪುನರ್ವಸತಿಯಲ್ಲ. ಭೂಮಿಗೆ ಭೂಮಿ, ಅದೂ ನೀರಾವರಿಯ ಭೂಮಿ, ಹಕ್ಕುಪತ್ರ ಮೊದಲು ಕೈಗೆ, ಆಮೇಲೆ ಎಬ್ಬಿಸುವ ಮಾತು. ಹೀಗೆ ಕೇಳಿ, ಅವರಾಗಿಯೇ ಒಪ್ಪಿದರೆ ನನ್ನ ಆಕ್ಷೇಪವಿಲ್ಲ. ಶರಾವತಿಯಲ್ಲಿ ಮೊದಲು ಎಬ್ಬಿಸಿ ಆಮೇಲೆ ಕಾಗದ ಕೊಡುತ್ತೇವೆಂದವರ ಕಾಗದ ಇನ್ನೂ ಬಂದಿಲ್ಲವೆಂಬುದನ್ನು ಮರೆಯಬೇಡ.

“ಅವರೇ ಬರ್ತೀವಿ ಅಂದ್ರ?” ಎಂದು ನೀನು ಅಂದು ಕೇಳಿದ್ದೆ. ಹೊರದೇಶದ ಒಂದು ಕಥೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಎಂಬ ಸಣ್ಣ ದ್ವೀಪಸಮೂಹವಿದೆ. ಶತಮಾನಗಳಿಂದ ಜನ ವಾಸಿಸಿದ ಸ್ಥಳ. 1930ರಲ್ಲಿ ಅಲ್ಲಿ ಉಳಿದಿದ್ದವರು ಕೇವಲ 36 ಜನ. ನಮ್ಮನ್ನು ಇಲ್ಲಿಂದ ಕರೆದೊಯ್ಯಿರಿ ಎಂದು ಅವರೇ ಅರ್ಜಿ ಬರೆದರು. ಆ ವರ್ಷ ಆಗಸ್ಟ್ 29ರಂದು ಅವರನ್ನು ಹಡಗಿನಲ್ಲಿ ಕರೆದುಕೊಂಡು ಹೋದರು, ಊರು ಖಾಲಿಯಾಯಿತು. ಅರ್ಜಿಯನ್ನು ಮಾತ್ರ ನೋಡಿದರೆ ಜನರ ಇಚ್ಛೆಯಂತೆಯೇ ನಡೆಯಿತೆನ್ನಬೇಕು. ಆದರೆ ಆ ಅರ್ಜಿಯ ಹಿಂದೆ ಚಳಿಗಾಲದಲ್ಲಿ ಬಾರದ ಹಡಗುಗಳು, ಸಮಯಕ್ಕೆ ಸಿಗದ ವೈದ್ಯ, ಬಿಟ್ಟುಹೋದ ತರುಣರು ಇದ್ದರು. ಒಂದು ಊರನ್ನು ಖಾಲಿ ಮಾಡಿಸಲು ಪೊಲೀಸರು ಬೇಕಾಗಿಲ್ಲ. ದೋಣಿಯನ್ನು ನಿಲ್ಲಿಸು, ಮಾಸ್ತರನನ್ನು ಕಳಿಸಬೇಡ, ನರ್ಸಮ್ಮನ ಹುದ್ದೆಯನ್ನು ಖಾಲಿ ಇಡು. ಇಪ್ಪತ್ತು ವರ್ಷಗಳಲ್ಲಿ ಜನ ತಾವೇ ಅರ್ಜಿ ಬರೆಯುತ್ತಾರೆ.

ಮಾಸ್ತರನನ್ನು ಕಳಿಸಬೇಡ ಎಂದು ಬರೆದೆನಲ್ಲ, ಅಲ್ಲಿಗೆ ಬಂದು ನನ್ನ ಲೇಖನಿ ಎರಡು ದಿನ ನಿಂತಿತು. ಮನೆಯವರಿಗೂ ಪೂರ್ತಿಯಾಗಿ ಹೇಳದ ಒಂದು ಸಂಗತಿಯನ್ನು ಈಗ ಹೇಳಿಬಿಡುತ್ತೇನೆ. ನನ್ನ ಮೊದಲ ನೇಮಕಾತಿ ರಾಯಚೂರು ಜಿಲ್ಲೆಗೆ ಆಗಿತ್ತೆಂಬುದು ನಿಮಗೆ ಗೊತ್ತು. ಆ ದಿನಗಳ ಜೋಳದ ರೊಟ್ಟಿ, ಬಿಸಿಲು, ಸಂತೆಗಳ ಬಗ್ಗೆ ಇಲ್ಲಿಯೇ ಬರೆದಿದ್ದೇನೆ. ಬರೆಯದೆ ಬಿಟ್ಟದ್ದು ಇದು: 1974ರಲ್ಲಿ ನನ್ನನ್ನು ಕೃಷ್ಣೆಯ ಒಂದು ಗಡ್ಡಿಯ ಏಕೋಪಾಧ್ಯಾಯ ಶಾಲೆಗೆ ಹಾಕಿದ್ದರು. ಆದೇಶ ಹಿಡಿದು ತೆಪ್ಪದಲ್ಲಿ ಹೋದೆ. ತೊಗಲಿನ ತೆಪ್ಪ, ನಡುವೆ ಸುಳಿ. ನನಗೆ ಈಜು ಬಾರದು. ಶಾಲೆಯೆಂದರೆ ಗುಡಿಯ ಪಡಸಾಲೆ. ಇಪ್ಪತ್ತೋ ಇಪ್ಪತ್ತೆರಡೋ ಮಕ್ಕಳು ಮುಖ ತೊಳೆದುಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ಕೂತಿದ್ದವು. ಹೊಸ ಮಾಸ್ತರ ಬರುತ್ತಾನೆಂದು ಒಂದು ಮನೆಯವರು ಸಜ್ಜೆ ರೊಟ್ಟಿ, ಮೀನಿನ ಸಾರು ಮಾಡಿದ್ದರು. ನಾನು ಮೀನು ಉಣ್ಣುವುದಿಲ್ಲವೆಂದಾಗ ಆ ತಾಯಿ ಓಡಿಹೋಗಿ ಮತ್ತೊಂದು ಮನೆಯಿಂದ ಮೊಸರು ತಂದಳು. ಸಂಜೆ ತೆಪ್ಪ ಹತ್ತುವಾಗ, ಸಾಮಾನು ತೆಗೆದುಕೊಂಡು ಸೋಮವಾರ ಬರುತ್ತೇನೆಂದು ಹೇಳಿದೆ. ದಡದಲ್ಲಿ ನಿಂತಿದ್ದ ಮುದುಕನೊಬ್ಬ ನಕ್ಕು, “ಬರಂಗಿಲ್ಲ ಬಿಡ್ರಿ ಮಾಸ್ತರ. ಎಲ್ಲಾರೂ ಒಂದ್ಸಲ ಬಂದು ನೋಡಿ ಹೋಗ್ತಾರ” ಎಂದ.

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಬರಲಿಲ್ಲ. ದೂರದ ಸಂಬಂಧಿಕರೊಬ್ಬರ ಮೂಲಕ ಒಬ್ಬ ಅಧಿಕಾರಿಯನ್ನು ಕಂಡೆ, ಹತ್ತು ದಿನಗಳೊಳಗೆ ಆದೇಶ ಬದಲಾಯಿತು, ರಸ್ತೆಯ ಬದಿಯ ಊರು ಸಿಕ್ಕಿತು. ಆ ಗಡ್ಡಿಗೆ ಆಮೇಲೆ ಯಾರು ಹೋದರು, ಹೋದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆ ಮಕ್ಕಳಿಗೆ ಈಗ ಅರವತ್ತರ ಆಸುಪಾಸು ವಯಸ್ಸಾಗಿರಬೇಕು. ಹೀಗಾಗಿ, ಎಂಜಿನಿಯರನಾದ ನಿನ್ನ ಮೇಲೆ ಸಿಟ್ಟು ಮಾಡುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ. ನೀನು ಕಾಗದದ ಮೇಲೆ ಮಾಡಿದ್ದನ್ನು ನಾನು ಕಾಲಿನಿಂದ ಮಾಡಿದವನು.

ಆದರೆ ಆ ಒಂದು ದಿನದ ಅನುಭವವೇ ನನಗೆ ಒಂದನ್ನು ತಿಳಿಸಿದೆ. ನಾನು ಓಡಿಬಂದದ್ದು ಸೇತುವೆ ಇಲ್ಲವೆಂದಲ್ಲ. ಇರಲು ಒಂದು ಕೋಣೆ, ನಂಬಬಹುದಾದ ಒಂದು ದೋಣಿ, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಖಾತ್ರಿ, ಎರಡು ವರ್ಷವಾದ ಮೇಲೆ ಬೇಕಾದ ಊರಿಗೆ ವರ್ಗಾವಣೆಯ ಭರವಸೆ, ಇಷ್ಟಿದ್ದರೆ ಇಪ್ಪತ್ತನಾಲ್ಕರ ಹುಡುಗ ನಿಲ್ಲುತ್ತಿದ್ದನೋ ಏನೋ. ನಮ್ಮ ಇಲಾಖೆಗಳಲ್ಲಿ ಇಂಥ ಊರುಗಳು ಶಿಕ್ಷೆಯ ಊರುಗಳು. ಯಾರ ಬೆನ್ನಿಗೂ ಯಾರೂ ಇಲ್ಲವೋ ಅವನನ್ನು ಅಲ್ಲಿಗೆ ಹಾಕುವುದು ರೂಢಿ. ಶಿಕ್ಷೆಯೆಂದು ಕಳಿಸಿದವನು ಶಿಕ್ಷೆಯೆಂದೇ ಕೆಲಸ ಮಾಡುತ್ತಾನೆ. ಗಡ್ಡಿಯ ಸೇವೆಗೆ ಹೆಚ್ಚಿನ ಭತ್ಯೆ, ವಸತಿ, ವರ್ಗಾವಣೆಯಲ್ಲಿ ಮೊದಲ ಆದ್ಯತೆ ಕೊಟ್ಟರೆ ನೂರು ಕೋಟಿ ಬೇಕಾಗುವುದಿಲ್ಲ.

ಎಲ್ಲ ಗಡ್ಡಿಗೂ ಸೇತುವೆಯೇ ಆಗಬೇಕೆಂದು ನಾನು ವಾದಿಸುತ್ತಿಲ್ಲ. ಈ ವಿಷಯದಲ್ಲಿ ನಿನ್ನ ಎಂಜಿನಿಯರಿಂಗನ್ನು ಗೌರವಿಸುತ್ತೇನೆ. ಆದರೆ ಸೇತುವೆ ಇಲ್ಲದ ಊರಿಗೆ ಏನು ಕೊಡಬೇಕೆಂಬ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಸೇತುವೆ ಎಂಬ ಭರವಸೆ ಚುನಾವಣೆಯಿಂದ ಚುನಾವಣೆಗೆ ದಾಟುತ್ತದೆ, ಅಷ್ಟರವರೆಗೆ ತೆಪ್ಪವೇ ಗತಿ. 2020ರ ಆಗಸ್ಟ್‌ನಲ್ಲಿ ಕುರ್ವಕುಲಕ್ಕೂ ತೆಲಂಗಾಣದ ದಡಕ್ಕೂ ನಡುವೆ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ಆ ಊರಿಗೆ ಸೇತುವೆಯ ಮಾತು ಶುರುವಾಗಿ ಬಹಳ ವರ್ಷಗಳಾಗಿದ್ದವು. ಮಾತಿನ ಸೇತುವೆಯ ಮೇಲೆ ಯಾರೂ ನಡೆಯಲಾರರು. ಒಂದು ಎಂಜಿನ್ ದೋಣಿ, ತೇಲುವ ಅಂಗಿಗಳು, ಸಂಬಳದ ಅಂಬಿಗ, ಇವನ್ನು ಆ ಮಾತು ಶುರುವಾದ ವಾರವೇ ಕೊಡಬಹುದಾಗಿತ್ತು.

2013ರ ಮಳೆಗಾಲದ ಸುದ್ದಿ ನಿಮಗೆ ನೆನಪಿರಬೇಕು. ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು, ಒಂಬತ್ತು ತಿಂಗಳಾಗಿದ್ದವಳು, ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ಕಕ್ಕೇರಾ ಕಡೆಯ ದಡ ಸೇರಿದಳು. ತಂದೆ, ಅಣ್ಣಂದಿರು ಸುತ್ತ ಈಜುತ್ತ ಬಂದರು. ಮುಂದೆ ಗಂಡು ಮಗುವಾಯಿತು. ಪತ್ರಿಕೆಗಳೆಲ್ಲ ‘ಸಾಹಸ’ ಎಂದು ಬರೆದವು, ಹೊರದೇಶದವರೂ ಬರೆದರು. ನಾನೂ ಆ ದಿನ ಓದಿ ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿದೆ, ನನ್ನ ಬುದ್ಧಿಗಿಷ್ಟು. ಆಕೆ ಸಾಹಸ ಪ್ರದರ್ಶನಕ್ಕೆ ನೀರಿಗೆ ಇಳಿದಿದ್ದಳೇ? ಹೆರಿಗೆಯ ದಿನಾಂಕ ತಿಂಗಳುಗಳ ಮೊದಲೇ ಗೊತ್ತಿತ್ತು. ಜುಲೈ ಆಗಸ್ಟ್‌ನಲ್ಲಿ ಹೊಳೆ ತುಂಬುವುದೂ ಗೊತ್ತಿತ್ತು. ಹೊಳೆ ತುಂಬುವ ಮೊದಲೇ ಬಸುರಿಯರನ್ನು, ಜೊತೆಗೆ ಒಬ್ಬ ತಾಯಿಯನ್ನೋ ಅತ್ತೆಯನ್ನೋ ಕರೆತಂದು, ದಡದ ಆಸ್ಪತ್ರೆಯ ಪಕ್ಕ ಎರಡು ಕೋಣೆಯಲ್ಲಿ ಇಟ್ಟು ಊಟ ಹಾಕಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಮನೆಗೆ ಒಂದು ಕೋಟಿಯೇ? ಇದನ್ನೂ ಲೆಕ್ಕ ಹಾಕು, ಮಗೂ.

ಅದೇ ಸ್ಕಾಟ್ಲೆಂಡ್ 2018ರಲ್ಲಿ ದ್ವೀಪಗಳಿಗಾಗಿಯೇ ಒಂದು ಕಾನೂನು ಮಾಡಿತು. ಹೊಸ ನೀತಿಯನ್ನೋ ಸೇವೆಯನ್ನೋ ತರುವಾಗ ಅದು ದ್ವೀಪದ ಜನರ ಮೇಲೆ ಬೇರೆಯವರಿಗಿಂತ ಬೇರೆಯಾದ ಪರಿಣಾಮ ಉಂಟುಮಾಡುವಂತಿದ್ದರೆ ಅದನ್ನು ಪರಿಶೀಲಿಸಲೇಬೇಕೆಂದು ಸರ್ಕಾರಿ ಸಂಸ್ಥೆಗಳನ್ನು ಅದು ಕಟ್ಟಿಹಾಕಿದೆ. ಸೇಂಟ್ ಕಿಲ್ಡಾ ಖಾಲಿಯಾಗಿ 88 ವರ್ಷಗಳಾದ ಮೇಲೆ ಬಂದ ಬುದ್ಧಿಯಿರಬಹುದು, ಬಂತಲ್ಲ. ಜಗತ್ತಿನ ಪುಟ್ಟ ದ್ವೀಪರಾಷ್ಟ್ರಗಳು 1994ರಲ್ಲಿ ಬಾರ್ಬಡೋಸಿನಲ್ಲಿ ಸೇರಿ ತಮ್ಮದೇ ಕಾರ್ಯಸೂಚಿ ರೂಪಿಸಿಕೊಂಡವು. ತುವಾಲುವಿನಂಥ ಅಂಗೈಯಗಲದ ದೇಶಕ್ಕೂ ವಿಶ್ವಸಂಸ್ಥೆಯಲ್ಲಿ ಒಂದು ಮತವಿದೆ. ನಮ್ಮ ಸಣ್ಣ ಗಡ್ಡಿಗಳಿಗೆ ಸ್ವಂತ ಗ್ರಾಮ ಪಂಚಾಯ್ತಿಯೂ ಇಲ್ಲ. ದಡದ ಊರಿನ ಪಂಚಾಯ್ತಿಯಲ್ಲಿ ಒಬ್ಬ ಸದಸ್ಯನಿದ್ದರೆ ಹೆಚ್ಚು. ರೇಷನ್ನಿಗೆ ಹೆಬ್ಬೆಟ್ಟು ಒತ್ತಬೇಕೆಂಬ ಆದೇಶ ಹೊರಡಿಸಿದವರು, ಕಡಿಮೆ ಮಕ್ಕಳ ಶಾಲೆಗಳನ್ನು ಕೂಡಿಸಬೇಕೆನ್ನುವವರು, ನಡುವೆ ಹೊಳೆಯಿರುವ ಊರನ್ನು ಒಂದು ಗಳಿಗೆಯಾದರೂ ಮನಸ್ಸಿಗೆ ತಂದುಕೊಂಡಿದ್ದರೇ? ನಮ್ಮ ರಾಜ್ಯದಲ್ಲಿಯೂ ಅಂಥದೊಂದು ಕಡ್ಡಾಯ ಪರಿಶೀಲನೆ ಬೇಕು, ಗೇಟು ಎತ್ತುವುದಕ್ಕೆ ಇಂತಿಷ್ಟು ತಾಸು ಮೊದಲು ಸೂಚನೆ ಎಂಬ ನಿಯಮ ಬೇಕು, ಆ ಸಭೆಯಲ್ಲಿ ಗಡ್ಡಿಯವರೊಬ್ಬರು ಕೂಡಬೇಕು ಎಂದು ನಾನು ಜಿಲ್ಲಾಧಿಕಾರಿಗಳಿಗೂ ಮುಖ್ಯಮಂತ್ರಿಗಳಿಗೂ ಒಂದು ಮನವಿ ಬರೆದಿದ್ದೇನೆ. ನನ್ನ ಕೈಬರಹ ಈಗ ನಡುಗುತ್ತದೆ. ಟೈಪು ಮಾಡಿಕೊಡುವವರು ಬೇಕು.

ಬರುವ ಬೇಸಿಗೆಯಲ್ಲಿ, ಹೊಳೆ ಇಳಿದಾಗ, ಲಿಂಗಸೂಗೂರಿಗೆ ಹೋಗಿ ಆ ಗಡ್ಡಿಯನ್ನು ಮತ್ತೊಮ್ಮೆ ನೋಡಬೇಕೆಂದಿದ್ದೇನೆ. ಮಂಡಿನೋವಿನ ದೆಸೆಯಿಂದ ಒಬ್ಬನೇ ಹೋಗಲಾರೆ. ಬೆಂಗಳೂರಿನ ಎಂಜಿನಿಯರ್ ಸಾಹೇಬರು ಕಾರು ತಂದರೆ ಎರಡು ದಿನದ ಬುತ್ತಿಯನ್ನು ನಮ್ಮ ಮನೆಯವರು ಕಟ್ಟಿಕೊಡುತ್ತಾರೆ. ಜೊತೆಗೆ ಬರುವ ಇತರರು ಹೋಳಿ ಹುಣ್ಣಿಮೆಯೊಳಗೆ ಫೋನು ಮಾಡಿ ತಿಳಿಸಿರಿ. ಈಜು ಬರುವವರಿಗೆ ಆದ್ಯತೆ.